ಎರಡನೆಯ ನೀರು

ಮೇಲ್ಕಾರವಾರ,
ಹದಿಮೂರನೆಯ ತಿಂಗಳ ನಲವತ್ತನೆಯ ದಿನ, ೨೨೧೬

ಅಕ್ಕಿ ತೊಳೆದು ಅನ್ನ ಮಾಡುವ ಕಾಲದವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬಿಸಿಲಿನಿಂದ ಹೊರಗೆ ಕೆಲಸ ಮಾಡಲಾಗದ ದಿನಗಳನ್ನೆಲ್ಲ ವರ್ಷದಿಂದ ಕಿತ್ತು ಹದಿಮೂರನೆಯ ತಿಂಗಳೆಂದು ಒಟ್ಟುಗೂಡಿಸಿದ್ದಾರೆ. ಅದು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ನಮ್ಮ ಮನೆಗಳಲ್ಲಿ ಅಡುಗೆಯಿಲ್ಲ. ಬೆಳಿಗ್ಗೆ, ಊರಿಗೆಲ್ಲ ಪಡಿತರ ಹಂಚುವ ಪಾಲುಮನೆಯಿಂದ ಬಿಲ್ಲೆ ಬರುತ್ತದೆ. ಪಾಚಿ ಮತ್ತು ಕಾಳಿನ ಹಿಟ್ಟನ್ನು ಒತ್ತಿ ಮಾಡಿದ ಬೂದು ತುಂಡು ಅದು. ಹೊಟ್ಟೆ ತುಂಬುತ್ತದೆ, ಬೇರೆ ಹೇಳುವಂಥದ್ದೇನಿಲ್ಲ. ಬಳಸಿದ ನೀರನ್ನು ಕೂಡಲೇ ಹಿಂಗೊಳವೆಗೆ ಸುರಿಯಬೇಕು. ಮನೆಮನೆಯ ನೀರನ್ನು ಶುದ್ಧೀಕರಣಕ್ಕೆ ವಾಪಸ್ ಒಯ್ಯುವ ಕೊಳವೆ ಅದು. ನೀರು ಇಟ್ಟುಕೊಂಡರೆ ನಲ್ಲಿ ಮುಚ್ಚುತ್ತಾರೆ. ಮಕ್ಕಳು ಅಕ್ಷರಕ್ಕೆ ಮೊದಲು ಇದನ್ನು ಕಲಿಯುತ್ತಾರೆ. ಕಡಲು ಹಳೆಯ ಪೇಟೆಯನ್ನು ನುಂಗಿದ ನೆನಪಿಗೆ ವರ್ಷಕ್ಕೊಮ್ಮೆ ಮನೆಗೊಂದು ಸೇರು ಅಕ್ಕಿ ಮತ್ತು ಒಂದು ವಾರ ಒಲೆ ಹಚ್ಚಲು ಅನುಮತಿ ಸಿಗುತ್ತದೆ.

ನನ್ನ ಅಜ್ಜಿ ಡಾಲಿಸಾಯ್ ಹುಟ್ಟಿದ್ದು ಫಿಲಿಪ್ಪೀನ್ಸಿನ ಒಂದು ದ್ವೀಪದಲ್ಲಿ. ಅದು ಮುಳುಗಿದಾಗ ಹಡಗಿನಲ್ಲಿ ಇಲ್ಲಿಗೆ ಬಂದ ಮಗು ಅವಳು. ಅಲ್ಲಿನ ಭಾಷೆಯಂತೆ ಅಜ್ಜಿಯನ್ನು ಲೋಲಾ ಎನ್ನುತ್ತೇವೆ. ಈ ವರ್ಷ ಲೋಲಾ ಬಿಲ್ಲೆ ತಿನ್ನುವುದನ್ನು ನಿಲ್ಲಿಸಿದಳು. ನೆನಪು ಬಹುಪಾಲು ಹೋಗಿತ್ತು. ಉಳಿದದ್ದು ಬಾಲ್ಯದ ಸಿನಿಗಾಂಗ್, ಅಂದರೆ ಹುಣಸೆಯ ಸಾರು. ಹೀಗೇ ಬಿಟ್ಟರೆ ಬದುಕುವುದಿಲ್ಲ ಎಂದರು ವೈದ್ಯರು. ಅಕ್ಕಿಯ ವಾರ ಬಂದಾಗ ನಾನು ಒಲೆ ಹಚ್ಚಿದೆ.

ಗುಡ್ಡದ ಮರದಿಂದ ಹುಣಸೆ ತಂದೆ. ಛಾವಣಿಯ ತೊಟ್ಟಿಯಲ್ಲಿ ಮೂಲಂಗಿ, ಬಸಳೆ ಇದ್ದವು. ಮೀನು ಬೇಕಿತ್ತು, ನಮ್ಮ ಕಡಲಲ್ಲಿ ಈಗ ಮೀನಿಲ್ಲ. ಲೋಲಾ ಒಂದು ಚಮಚ ಕುಡಿದು ಬಟ್ಟಲು ತಳ್ಳಿದಳು. "ಇದು ಹುಳಿ ನೀರು. ಸಾರೆಲ್ಲಿ?" ಮರುದಿನ ಹುಣಸೆ ಹೆಚ್ಚು ಹಾಕಿದೆ. "ಇದು ಇನ್ನೂ ಹುಳಿ ನೀರು" ಎಂದಳು. ಪಕ್ಕದ ಮನೆಯ ಬೀರಮ್ಮ ಬಾಗಿಲಲ್ಲಿ ನಿಂತು ನಕ್ಕಳು. "ಬಿಲ್ಲೆ ತಿಂದು ಬೆಳೆದವ್ಳು ಸಾರು ಮಾಡೂಕೆ ಹೊರಟ್ಯೇನೇ ಮಾರಾಯ್ತಿ!" ಏನು ಕಡಿಮೆಯಾಗಿದೆ ಎಂದು ಕೇಳಿದರೆ ಲೋಲಾಗೆ ಹೇಳಲು ಬರಲಿಲ್ಲ. ಅವಳು ಸಾರು ಉಂಡ ಮಗುವೇ ಹೊರತು ಮಾಡಿದವಳಲ್ಲ.

ಮೂರನೆಯ ಸಲ ಅವಳ ಕುರ್ಚಿಯನ್ನು ಒಲೆಯ ಬಳಿಗೆ ಎಳೆದೆ. ಅಕ್ಕಿ ತೊಳೆದು ನೀರನ್ನು ಕೊಳವೆಗೆ ಸುರಿದೆ. ಮತ್ತೆ ತೊಳೆದೆ, ಸುರಿದೆ. ಲೋಲಾ ನನ್ನ ಮಣಿಕಟ್ಟಿಗೆ ಪಟ್ಟೆಂದು ಹೊಡೆದಳು. "ಏ ಹುಡುಗೀ! ಎರಡನೇ ನೀರು ಚೆಲ್ತಾರೇನೇ? ಅಮ್ಮ ಬಯ್ತಾಳೆ!"

ಅವಳು ಹುಟ್ಟಿದ ಮನೆಯಲ್ಲಿ ಅಕ್ಕಿ ತೊಳೆಯುವುದು ಮಕ್ಕಳ ಕೆಲಸವಾಗಿತ್ತು. ಮೊದಲ ನೀರಿನಲ್ಲಿ ಕೊಳೆ ಹೋಗುತ್ತದೆ. ಎರಡನೆಯದರಲ್ಲಿ ಸಾರು ಕುದಿಯುತ್ತದೆ. ನೀವು ದನಕ್ಕೆ ಹಾಕುವ ಅಕ್ಕಚ್ಚು ಅದೇ. ನನ್ನ ಕೈಗೆ ಹುಟ್ಟಿದಂದಿನಿಂದ ಸುರಿಯುವುದಷ್ಟೇ ಗೊತ್ತಿತ್ತು.

ವಾರದ ಕೊನೆಯ ದಿನ ಉಳಿದ ಹಿಡಿ ಅಕ್ಕಿ ತೊಳೆದು ಎರಡನೆಯ ನೀರನ್ನು ಇಟ್ಟುಕೊಂಡೆ. ನೀರು ಬರಲಿಲ್ಲವೆಂದು ಕೊಳವೆಯ ಮೇಲೆ ಕೆಂಪು ದೀಪ ಹತ್ತಿತು. ನಾನು ಒಲೆ ಆರಿಸಲಿಲ್ಲ. ಸಾರು ಮಬ್ಬು ಬಿಳಿಯಾಗಿ, ಕೊಂಚ ಗಟ್ಟಿಯಾಗಿ ಬಂತು. ಲೋಲಾ ಚಮಚ ಬಾಯಿಗಿಟ್ಟಳು. ಹುಳಿಗೆ ಒಂದು ಕಣ್ಣು ಮುಚ್ಚಿತು, ಭುಜ ನಡುಗಿತು, ನಕ್ಕಳು. ಆಮೇಲೆ ಚಮಚ ಕೆಳಗಿಟ್ಟಳು. "ಉಳಿದವ್ರೆಲ್ಲಿ? ಒಬ್ಳೇ ತಿನ್ನೋದಾ?"

ಅವಳು ಕೇಳಿದ ಆ ಮನೆಮಂದಿ ಯಾರೂ ಆ ಹಡಗು ಹತ್ತಿರಲಿಲ್ಲ. ನಾನು ಬೀರಮ್ಮನ ಬಾಗಿಲು ತಟ್ಟಿದೆ. ಅವಳು ಒಂದು ಗುಟುಕು ಕುಡಿದು ಕೂಗಿದಳು. "ಅಯ್ಯಪ್ಪಾ, ಹಲ್ಲೆಲ್ಲ ಜುಂ ಅಂತಲ್ಲೇ!" ಮತ್ತೆ ಬಟ್ಟಲು ಚಾಚಿದಳು. ಅವಳನ್ನು ನೋಡುತ್ತ ಲೋಲಾ ತನ್ನ ಬಟ್ಟಲನ್ನು ಬರಿದು ಮಾಡಿದಳು. ನಾನೂ ಉಂಡೆ. ಬಾಯಲ್ಲಿರುವುದನ್ನು ಬೇಗ ನುಂಗಬಾರದು ಎಂದು ನನಗೆ ಅನಿಸಿದ್ದು ಅದೇ ಮೊದಲು.

ಮರುದಿನ ನಮ್ಮ ನಲ್ಲಿ ಮುಚ್ಚಿದರು. ಬೀರಮ್ಮ ತನ್ನ ಪಾಲಿನ ನೀರಿನಲ್ಲಿ ನಮಗೂ ಕೊಟ್ಟಳು. ಲೋಲಾ ದಿನವೂ ಸಾರು ಕೇಳಿದಳು, ಅಕ್ಕಿ ಇರಲಿಲ್ಲ. ಬಿಲ್ಲೆಗೆ ಬಾಯಿ ತೆರೆಯದೆಯೇ ತೀರಿಕೊಂಡಳು. ಬರುವ ವರ್ಷದಿಂದ ಅಕ್ಕಿ ಇಲ್ಲವೆಂದು ಪಾಲುಮನೆ ನಿನ್ನೆ ಪ್ರಕಟಿಸಿದೆ.

ನಿಮ್ಮ ಮನೆಯಲ್ಲಿ ಎಳವೆಯ ಊಟ ಕೇಳುವವರಿದ್ದರೆ ಅವರನ್ನು ಇಂದೇ ಒಲೆಯ ಬಳಿ ಕೂರಿಸಿಕೊಳ್ಳಿ. ನೀವು ತಪ್ಪಿದಾಗ ಅವರು ಹೊಡೆಯಲಿ. ಬಡಿಸುವ ಮೊದಲು ಪಕ್ಕದ ಬಾಗಿಲು ತಟ್ಟಿ. ನನ್ನ ಬಳಿ ಹುಣಸೆ ಒಣಗುತ್ತಿದೆ, ಮಾಡುವುದನ್ನೂ ಕಲಿತಿದ್ದೇನೆ. ನಿಮ್ಮ ಬಳಿ ಅಕ್ಕಿ ಇದೆ.

ಇಂತಿ,
ಲಿಗಾಯ ತಾಂಡೇಲ