ನೀವು ಮೊದಲೇ ನೋಡಿಬರುತ್ತಿದ್ದ ಸಿನಿಮಾಗಳು

ಚಂದನಳ ಅಪ್ಪನಿಗೆ,

ಇವತ್ತು ಮಂಡ್ಯದಲ್ಲಿ ಒಬ್ಬಳೇ ಮ್ಯಾಟ್ನಿ ಷೋಗೆ ಹೋಗಿದ್ದೆ. ದೆವ್ವದ ಸಿನಿಮಾ. ನೀವಿದ್ದಿದ್ದರೆ ಶುಕ್ರವಾರವೇ ನೋಡಿಬಂದು, ಹೆದರಿಕೆ ಎಲ್ಲೆಲ್ಲಿದೆ ಎಂದು ತಿಳಿದುಕೊಂಡು, ಭಾನುವಾರ ನನ್ನನ್ನು ಕರೆದೊಯ್ಯುತ್ತಿದ್ದಿರಿ. ಆ ಸೀನಿಗೆ ಮುಂಚೆಯೇ ನನ್ನ ಕೈ ಹಿಡಿದು, ಮುಗಿದ ಮೇಲೆ “ಓಯ್ತು ಕಣಮ್ಮಿ, ಕಣ್ಣು ಬುಡು” ಅನ್ನುತ್ತಿದ್ದಿರಿ.

ಕೊನೆಯಲ್ಲಿ ಬಾವಿಯ ಹಗ್ಗ ತಾನಾಗಿ ಮೇಲೆ ಬರತೊಡಗಿತು. ಕಣ್ಣು ಮುಚ್ಚಿದೆ. ಯಾವಾಗ ತೆರೆಯಬೇಕೋ ಗೊತ್ತಾಗಲಿಲ್ಲ. ಕಸ ಗುಡಿಸಲು ಬಂದವಳು ಭುಜ ಅಲುಗಿಸಿ, “ಎಲ್ರೂ ಓದ್ರು ಕಣಮ್ಮ, ಏಳು” ಅಂದಳು.

ಆಸ್ಪತ್ರೆಯಲ್ಲಿ ಕೊನೆಯ ದಿನ ನೀವು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೈ ಚಾಚಿದ್ದಿರಂತೆ. ನರ್ಸು ಹೇಳಿದಳು. ನಾನು ನೋಡಲಾರದೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆ.