ಎಲ್ಲಾ ಹಸಿರೇ ಇದೆಯಂತೆ

ಮಾರ್ಚ್ ೧೧, ಮಂಗಳವಾರ.

ಇವತ್ತು ನಾನು ವಾರ್ಡಿಗೆ ಔಷಧ ಕೊಡಲು ಹೋಗಿದ್ದಾಗ ಆಸ್ಪತ್ರೆಯಲ್ಲಿ ನಾನು ನೋಡಿಕೊಳ್ಳುವ ಕೋಲ್ಡ್ ರೂಮಿನ ಬಾಗಿಲು ಸರಿಯಾಗಿ ಕೂತಿರಲಿಲ್ಲ. ಮಕ್ಕಳ ಲಸಿಕೆಯೆಲ್ಲ ಬೆಚ್ಚಗಾಗಿ, ಎಸೆಯಬೇಕಾಯಿತು.

ಮೊದಲು ಬಾಗಿಲಿಗೊಂದು ವೈರು, ವೈರಿಗೊಂದು ಬೆಲ್ಲು, ಅಷ್ಟೇ ಇತ್ತು. ಸಂದು ಬಿಟ್ಟರೆ ವಾರ್ಡಿನವರೆಗೂ ಕೇಳುವಂತೆ ಬಡಿದುಕೊಳ್ಳುತ್ತಿತ್ತು. ಅದನ್ನು ಕಿತ್ತು ಹಾಕಿದರು. ಈಗ ಬಾಗಿಲು ಗೋಡೆಗೆ ಹಾಕಿದ ಹೊಸ ಪೆಟ್ಟಿಗೆಗೆ ಹೇಳಬೇಕು, ಪೆಟ್ಟಿಗೆ ಎಲ್ಲಿಯದೋ ಸರ್ವರ್‌ಗೆ, ಅದು ಇನ್ನೊಂದಕ್ಕೆ, ಅದು ನನ್ನ ಫೋನಿಗೆ. ನಡುವಿನದೊಂದು ಇವತ್ತು ಅಪ್‌ಡೇಟ್ ಆಗುತ್ತಿತ್ತಂತೆ. ಸುದ್ದಿ ನನಗೆ ಮುಟ್ಟಿದ್ದು ಸಂಜೆ.

ಹೊಸ ಪೆಟ್ಟಿಗೆ ಹಾಕಿದ ಕಂಪನಿಯ ಇಂಜಿನಿಯರ್ ಪರದೆಯ ಮೇಲಿನ ಹಸಿರು ಚುಕ್ಕೆಗಳನ್ನು ತೋರಿಸಿದರು. "ನೋಡಿ ಅಕ್ಕಾ, ನಮ್ ಕಡೆ ಎಲ್ಲಾ ಹಸಿರೇ ಇದೆ."

"ಹಸಿರಿದ್ರೆ ನೀವೇ ಮೇಯ್ರಿ ಸಾರ್" ಅಂದುಬಿಟ್ಟೆ.

ನಾಳೆ 'ನನ್ನದೇ ಅಜಾಗರೂಕತೆ' ಎಂದು ಆಸ್ಪತ್ರೆಯವರಿಗೆ ಬರೆದುಕೊಡಬೇಕಂತೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು, ತೋರಿಸಿದ ಕಡೆ ಸಹಿ ಹಾಕುತ್ತಾಳೆ ಅಂದುಕೊಂಡಿದ್ದಾರೆ. ಕೆಲಸ ಹೋದರೆ ಏನು ಗತಿ ಎಂದು ಎದೆ ಹೊಡೆದುಕೊಳ್ಳುತ್ತಿದೆ. ಹೊಡೆದುಕೊಳ್ಳಲಿ, ಸಹಿ ಮಾತ್ರ ಹಾಕುವುದಿಲ್ಲ.

ಹಳೇ ಬೆಲ್ಲನ್ನು ಗುಜರಿ ರಾಶಿಯಿಂದ ಎತ್ತಿಕೊಂಡು ಬಂದಿದ್ದೇನೆ. ನಾಳೆ ಎಲ್ಲರ ಎದುರಿಗೇ ಅದನ್ನು ಬಾಗಿಲಿಗೆ ಹಾಕುತ್ತೇನೆ. ಈಗಷ್ಟೇ ಸೆಲ್ಲು ಹಾಕಿ ವೈರು ಮುಟ್ಟಿಸಿದೆ. ಒಳಕೋಣೆಯಿಂದ ಅತ್ತೆ ಕೂಗಿದರು, "ಯಾರೇ ಅದು, ಇಷ್ಟೊತ್ನಲ್ಲಿ?"

ಅತ್ತೆಗೆ ಕಿವಿ ಮಂದ, ಮೇಲಾಗಿ ನಿದ್ದೆಯಲ್ಲಿದ್ದರು. ಅವರಿಗೂ ಕೇಳಿಸಿತು. ಇನ್ನೊಂದು ಸಲ ಮುಟ್ಟಿಸೋಣ ಅನ್ನಿಸುತ್ತಿದೆ, ಪಾಪ ಅತ್ತೆ ಮಲಗಲಿ.