ದುಂಬಿಯ ದನಿ

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಏಳಕ್ಕೇ ಸುರಂಗದೊಳಗೆ. ನೀರು ಬಸಿದಿದ್ದಾರೆ. ಕಾಲುವೆಯ ತಳದಲ್ಲಿ ಹೇರ್‌ಪಿನ್, ಕನ್ನಡಕ, ಒಂದು ಹಲ್ಲುಸೆಟ್. ಹಲ್ಲು ಕಳಕೊಂಡವರು ಕೇಳಿಕೊಂಡು ಬರಲೇ ಇಲ್ಲವೇ?

ನಮ್ಮ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಮೂವತ್ತೊಂದು ವರ್ಷ ಓಡಿದ ‘ಕಾಡಿನ ದೋಣಿ’ ನಿನ್ನೆಗೆ ಮುಗಿಯಿತು. ಇನ್ನು ನಾಲ್ಕು ತಿಂಗಳಿಗೆ ಅದೇ ಸುರಂಗ, ಅದೇ ಕಾಲುವೆ, ಅದೇ ದೋಣಿ — ಹೆಸರು ‘ರೋಬೋ ಪಾತಾಳ’. ಹಳೇ ರೈಡಿಗೆ ಹೊಸ ವೇಷ ತೊಡಿಸುವ ಕೆಲಸ ನನ್ನದು. ಕ್ರಿಯೇಟಿವ್ ಹೆಡ್. ಕಾರ್ಡಿನಲ್ಲಿ ಹಾಗಂತ ಅಚ್ಚಾಗಿದೆ.

ಗೊಂಬೆ ಮೇಷ್ಟ್ರು ಕರಡಿಯ ಚರ್ಮ ಸುಲಿಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಈ ಗೊಂಬೆಗಳನ್ನು ಕುಣಿಸುತ್ತಿರುವವರು ಅವರೇ. ಒಳಗಿನ ಕಬ್ಬಿಣದ ಎಲುಬು, ಮೋಟಾರು ಹಾಗೇ ಉಳಿಯುತ್ತವೆ. ಮೇಲಿನದು ಮಾತ್ರ ಬದಲು.

“ಇವನ ತಲೆಗೆ ಏನು ಹಾಕ್ತೀರ ಮೇಡಂ?”

“ಕುಕ್ಕರ್ ಥರದ ಹೆಲ್ಮೆಟ್. ಅಡುಗೆ ರೋಬೋ ಇವನು.”

“ಪಾಪ. ಈ ವಯಸ್ಸಲ್ಲಿ ಅಡುಗೆ ಕಲೀಬೇಕು.”

ರೈಡಿನ ಸೌಂಡ್ ಮೆಷಿನ್ ಇರುವ ಬೀರುವಿನಿಂದ ಅಮ್ಮನ ದನಿಯ ಫೈಲ್ ನಕಲು ಮಾಡಿಕೊಂಡೆ. ಮೊದಲು ಮಾಡಿದ್ದು ಅದನ್ನೇ.

ಮಾರ್ಚ್ 4

ಅಮ್ಮ ಆಗ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದಳು. ದನಿ ಕೊಡಬೇಕಿದ್ದ ನಾಟಕದವರು ಕೈಕೊಟ್ಟರು. ರೈಡ್ ಕಟ್ಟಿದ ಮುದುಕಪ್ಪ ಕಿಟಕಿ ಬಡಿದು “ಬಾಮ್ಮ, ನಾಲ್ಕು ಮಾತು ಆಡಿ ಹೋಗು” ಅಂದರಂತೆ. ‘ಕೈ ಒಳಗಿರಲಿ, ಕಣ್ಣು ಹೊರಗಿರಲಿ. ಕಾಡು ಈಗ ಏಳುತ್ತೆ.’ ಮೂವತ್ತೊಂದು ವರ್ಷ ಅದೇ ದನಿ. ನನ್ನ ಸ್ಕೂಲಿನಲ್ಲಿ ನನಗೆ ಬೆಲೆ ಇದ್ದದ್ದೇ ಅದರಿಂದ.

ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್. ದನಿಪೆಟ್ಟಿಗೆಯನ್ನೇ ತೆಗೆದರು. ಈಗ ಟಾರ್ಚಿನಂಥ ಒಂದು ಯಂತ್ರ, ಕತ್ತಿಗೆ ಒತ್ತಿ ಹಿಡಿದರೆ ಗುಂಯ್ ಅನ್ನುತ್ತೆ, ಬಾಯಿ ಆಡಿಸಿದರೆ ಮಾತಾಗುತ್ತೆ. ಏರಿಲ್ಲ, ಇಳಿತವಿಲ್ಲ. ಅಮ್ಮ ಅದಕ್ಕೆ ದುಂಬಿ ಅಂತ ಹೆಸರಿಟ್ಟಿದ್ದಾಳೆ. ಮನೆಯೊಳಗೆ ಮಾತ್ರ ದುಂಬಿ — ನಾನು, ಇವರು, ಪುಟ್ಟಿ ಇದ್ದಾಗ. ಹೊಸಿಲು ದಾಟಿದರೆ ಸ್ಲೇಟು. ಒಮ್ಮೆ ಔಷಧಿ ಅಂಗಡಿಯಲ್ಲಿ ಯಾರೋ ಆ ದನಿ ಕೇಳಿ ನಕ್ಕರು. ಅವತ್ತಿನಿಂದ ಹೀಗೆ.

ಇವತ್ತು ಹೇಳಿದೆ: “ಹೊಸ ರೈಡಲ್ಲೂ ನಿನ್ನ ದನಿ ಉಳಿಸ್ತೀನಮ್ಮ. ಇಳಿಯೋ ಜಾಗದ ಸಾಲು. ‘ನಿಧಾನ ಇಳೀರಿ, ಮತ್ತೆ ಬನ್ನಿ.’ ಅದನ್ನ ಯಾರೂ ಮುಟ್ಟಲ್ಲ.”

ದುಂಬಿ ಎತ್ತಿಕೊಂಡಳು. “ನೀನು ಹೆಡ್ ಅಲ್ವಾ. ನಿನ್ನ ಮಾತು ಯಾರು ಮೀರ್ತಾರೆ.”

ನನ್ನ ಮಾತು. ಆಫೀಸಿನಲ್ಲಿ ಕಾಫಿ ಮೆಷಿನ್ ಸಹ ನನ್ನ ಮಾತು ಕೇಳುವುದಿಲ್ಲ.

ಮಾರ್ಚ್ 29, ಶನಿವಾರ

ಗೊಂಬೆ ಕುಣಿಯಬೇಕಾದರೆ ಮೊದಲು ಮಾತು ಬೇಕು. ಬಾಯಿ, ಕೈ, ದೀಪ, ಬಾಗಿಲು — ಎಲ್ಲವೂ ಮಾತಿನ ಲೆಕ್ಕಕ್ಕೇ ತೆರೆಯುವುದು. ಕಲಾವಿದರು ಸಿಗುವ ತನಕ ಯಾರದೋ ದನಿಯಲ್ಲಿ ‘ಡಮ್ಮಿ’ ಹಾಕಿಕೊಳ್ಳುತ್ತೇವೆ. ಹೊಸಬರಿಗೆಲ್ಲ ನಾನೇ ಹೇಳಿಕೊಡುವ ಪಾಠ: ಡಮ್ಮಿ ಕೆಟ್ಟದಾಗಿರಬೇಕು. ಚೆನ್ನಾಗಿದ್ದರೆ ಎಲ್ಲರ ಕಿವಿ ಅದಕ್ಕೇ ಒಗ್ಗಿಬಿಡುತ್ತೆ, ಆಮೇಲೆ ಕಿತ್ತು ಹಾಕಲು ಆಗುವುದಿಲ್ಲ.

ಊಟದ ಮೇಜಿನ ಮೇಲೆ ಸಾಲುಗಳನ್ನು ಹರಡಿಕೊಂಡು ಸೆಕೆಂಡು ಎಣಿಸುತ್ತಿದ್ದೆ. ಪುಟ್ಟಿ ಬಂದು ಕೂತಳು. “ಅಮ್ಮ, ನೀನು ರೋಬೋ ಥರ ಓದ್ತಾನೇ ಇಲ್ಲ. ಅಜ್ಜಿ ಓದ್ಲಿ.”

“ಪುಟ್ಟೀ” ಅಂತ ಗದರಿದೆ. ಅಮ್ಮ ಮಾತ್ರ ಕನ್ನಡಕ ಹಾಕಿಕೊಂಡು ಕಾಗದ ಎಳೆದುಕೊಂಡಳು, ದುಂಬಿಯನ್ನು ಕತ್ತಿಗೆ ಒತ್ತಿದಳು. ಓದಿದಳು. ‘ಮನುಷ್ಯರೇ, ಸ್ವಾಗತ. ನಿಮ್ಮ ಬ್ಯಾಟರಿ ಎಲ್ಲಿದೆ?’ ಪುಟ್ಟಿ ನೆಲಕ್ಕೆ ಬಿದ್ದು ನಕ್ಕಳು. ಅಮ್ಮನೂ. ಅಮ್ಮನ ನಗುವಿಗೆ ಈಗ ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತೆ. ಎರಡು ವರ್ಷದ ಮೇಲೆ ನೋಡಿದೆ. ನಿಲ್ಲಿಸಲು ಮನಸ್ಸಾಗಲಿಲ್ಲ. ನಲವತ್ತು ಸಾಲನ್ನೂ ಓದಿದಳು, ಫೋನಿನಲ್ಲಿ ರೆಕಾರ್ಡ್ ಮಾಡಿದೆ.

“ಆಫೀಸಿಗೆ ಒಯ್ಯೋದಿಲ್ಲ ತಾನೆ?”

“ಸೆಕೆಂಡು ಎಣಿಸೋಕಮ್ಮ. ಯಾರೂ ಕೇಳಲ್ಲ.”

ಏಪ್ರಿಲ್ 8

ಕಲಾವಿದರ ಡೇಟ್ ಮುಂದೆ ಹೋಯಿತು. ಮೇಷ್ಟ್ರು ಕೈ ಕಟ್ಟಿ ಕೂತಿದ್ದಾರೆ. ಎರಡೇ ದಿನಕ್ಕೆ ಅಂತ ಫೋನಿನ ಫೈಲ್ ಕೊಟ್ಟೆ. ಎರಡೇ ದಿನ. ಬರೆದಿಟ್ಟಿರುತ್ತೇನೆ.

ಏಪ್ರಿಲ್ 10, ಗುರುವಾರ

ಸಾಹೇಬರು ಹೇಳದೆ ಕೇಳದೆ ಬಂದರು. ನಾವೆಲ್ಲ ಹಿಂದಿನಿಂದ ‘ವಾವ್ ಸಾಹೇಬರು’ ಅನ್ನುವುದು. ಏನು ತೋರಿಸಿದರೂ “ವಾವ್ ಎಲ್ಲಿ? ವಾವ್ ಬೇಕು” ಅನ್ನುತ್ತಾರೆ.

ಮೇಷ್ಟ್ರು ಅಡುಗೆ ರೋಬೋವನ್ನು ಚಾಲೂ ಮಾಡಿದರು. ಸೌಟು ಎತ್ತಿತು, ಬಾಯಿ ತೆರೆಯಿತು. ಅಮ್ಮನ ದುಂಬಿ ಸುರಂಗದ ತುಂಬ.

ಸಾಹೇಬರು ಚಪ್ಪಾಳೆ ತಟ್ಟಿದರು. “ಇದು. ಇದೇ ವಾಯ್ಸ್. ಫನ್ನಿಯಾಗಿದೆ, ಸ್ವಲ್ಪ ಭಯಾನೂ ಆಗುತ್ತೆ. ಯಾವ ಸಾಫ್ಟ್‌ವೇರ್?”

“ಡಮ್ಮಿ ಸರ್ ಅದು.”

“ಡಮ್ಮಿ ಅಲ್ಲ, ಫೈನಲ್. ಯಾವ ಸಾಫ್ಟ್‌ವೇರ್ ಕೇಳಿದೆ.”

“ನೋಡಿ ಹೇಳ್ತೀನಿ ಸರ್.”

ನೋಡಿ ಹೇಳ್ತೀನಂತೆ. ನನ್ನ ನಾಲಿಗೆಗೆ ಏನು ದೊಡ್ಡ ರೋಗ ಬಂದಿತ್ತು? ದೊಡ್ಡ ರೋಗ ಬಂದ ಅಮ್ಮನೇ ನನಗಿಂತ ಚೆನ್ನಾಗಿ ಮಾತಾಡುತ್ತಾಳೆ.

ಮೇ 2

ಮೂವರು ಕಲಾವಿದರ ದನಿ ಕಳಿಸಿದೆ. ಮೂರಕ್ಕೂ ಒಂದೇ ಉತ್ತರ: ‘ಆ ಮ್ಯಾಜಿಕ್ ಇಲ್ಲ.’ ಕಂಪ್ಯೂಟರಿನಲ್ಲಿ ಮಾಡಿದ್ದೂ ಕಳಿಸಿದೆ. ‘ಇದು ಮೆಷಿನ್ ಥರ ಇದೆ.’

ಮೆಷಿನ್ ಥರ ಇದೆಯಂತೆ. ತಲೆ ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಗೋಡೆಗೆ ಹೊಸ ಪೇಂಟ್.

ಮೇ 16, ಶುಕ್ರವಾರ

ಮೇಷ್ಟ್ರಿಗೆ ಹೇಳಿಬಿಟ್ಟೆ, ಯಾರ ದನಿ ಅಂತ. ಸ್ಕ್ರೂಡ್ರೈವರ್ ಕೆಳಗಿಟ್ಟರು. ಅಮ್ಮ ಟಿಕೆಟ್ ಕಿಟಕಿಯಲ್ಲಿದ್ದಾಗಿನಿಂದ ಬಲ್ಲವರು.

“ಅಕ್ಕನ ದನೀನಾ ಇದು...”

“ಬದಲಾಯಿಸೋಕೆ ಎಷ್ಟು ದಿನ ಬೇಕು ಮೇಷ್ಟ್ರೇ?”

“ನಲವತ್ತೊಂದು ಗೊಂಬೆ ಈ ದನಿಗೇ ಬಾಯಿ ಬಿಡ್ತವೆ. ದೋಣಿ ನಿಲ್ಲೋದು, ಬಾಗಿಲು ತೆರೆಯೋದು ಎಲ್ಲಾ ಇದರ ಮೇಲೇ ಕಟ್ಟಿದೀನಿ. ಏಳೆಂಟು ವಾರ ಬೇಕು. ಅದೂ ಸಾಹೇಬರು ಹೂಂ ಅಂದ್ರೆ.”

ಉದ್ಘಾಟನೆಗೆ ಏಳು ವಾರ. ಇಬ್ಬರೂ ಅಡುಗೆ ರೋಬೋವನ್ನೇ ನೋಡುತ್ತ ಕೂತೆವು. ಅದರ ಒಂದು ಕಣ್ಣು ಹೊಡೆದುಕೊಳ್ಳುತ್ತಿತ್ತು, ವೈರ್ ಸಡಿಲವಾಗಿದೆ.

ಸಾಯಂಕಾಲ ಇಮೇಲ್: ಇಳಿಯುವ ಜಾಗದ ಹಳೇ ಸಾಲು ಬೇಡ, ‘ಥೀಮಿಗೆ ಹೊಂದಲ್ಲ’. ಅಲ್ಲಿಗೆ ಅದೂ ಹೋಯಿತು.

ಜೂನ್ 9

ಗಟ್ಟಿ ಮನಸ್ಸು ಮಾಡಿ ಸಾಹೇಬರ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅಮ್ಮ, ಆಪರೇಷನ್, ಸ್ಲೇಟು, ಔಷಧಿ ಅಂಗಡಿ.

ಸಾಹೇಬರು ಕನ್ನಡಕ ತೆಗೆದರು. ಕಣ್ಣಲ್ಲಿ ನೀರು. ನಿಜವಾದ ನೀರು, ಸುಳ್ಳು ಹೇಳಬಾರದು. “ವಾವ್. ಎಂಥಾ ಸ್ಟೋರಿ. ಇದನ್ನ ನಾವು ಪ್ರೆಸ್ಸಿಗೆ ಹೇಳ್ಬೇಕು.”

ಬೇಡ ಸರ್ ಅಂತ ಕೈ ಮುಗಿದೆ. ತೆಗೆದುಹಾಕಿ ಅನ್ನಲು ಹೋದವಳು, ಪೇಪರಿನಲ್ಲಿ ಹಾಕಬೇಡಿ ಅಂತ ಅಂಗಲಾಚಿ ಬಂದೆ.

“ಓಕೆ, ನಿಮಗೋಸ್ಕರ ಹೇಳಲ್ಲ. ಆದ್ರೆ ವಾಯ್ಸ್ ಇರ್ಲಿ. ನಿಮ್ಮಮ್ಮ ಖುಷಿ ಪಡ್ತಾರೆ, ನೋಡ್ತಿರಿ.”

ಒಂದು ಗಂಟೆ ನಾನೂ ನಂಬಿದೆ.

ಜೂನ್ 28, ಶನಿವಾರ

ಮನೆಯವರಿಗೆಲ್ಲ ಪಾಸ್ ಬಂದಿದೆ. ಮೊದಲ ದೋಣಿ. ಅಮ್ಮ ನೀಲಿ ಸೀರೆ ತೆಗೆದು ಇಸ್ತ್ರಿ ಮಾಡಿಟ್ಟಿದ್ದಾಳೆ, ಒಂದು ವಾರ ಮುಂಚೆಯೇ.

“ನನ್ನ ಸಾಲು ಎಷ್ಟನೇ ನಿಮಿಷಕ್ಕೆ ಬರುತ್ತೆ?”

“ಕೊನೇಲಮ್ಮ.”

“ಕೇಳಿಸೋ ಹಾಗೆ ಇಟ್ಟಿದೀಯ ತಾನೆ? ಮ್ಯೂಸಿಕ್ ಮೇಲೆ ಹಾಕ್ಬೇಡ.”

ಇವರು ನನ್ನ ಮುಖ ನೋಡಿದರು. ಇವರಿಗೆ ಎಲ್ಲ ಗೊತ್ತು. ಕೋಣೆಗೆ ಬಂದು “ಹೇಳಿಬಿಡೇ” ಅಂದರು. “ನೀವೇ ಹೇಳಿ” ಅಂದೆ. ಇಬ್ಬರೂ ಹೇಳಲಿಲ್ಲ.

ಜುಲೈ 5, ಶನಿವಾರ. ಬೆಳಿಗ್ಗೆ 6

ಇವತ್ತು ಹೇಳುತ್ತೇನೆ. ತಿಂಡಿಗೆ ಮುಂಚೆ.

8.40

ಹೇಳಲಿಲ್ಲ. ಅಮ್ಮ ಕನ್ನಡಿ ಮುಂದೆ ನಿಂತು, ಕತ್ತಿನ ರಂಧ್ರ ಕಾಣದ ಹಾಗೆ ಸ್ಕಾರ್ಫ್ ಕಟ್ಟಿಕೊಳ್ಳುತ್ತಿದ್ದಳು. ಮೂರು ಸಲ ಬಿಚ್ಚಿ ಕಟ್ಟಿದಳು. ದೋಣಿ ಹತ್ತುವ ಮುಂಚೆ ಹೇಳುತ್ತೇನೆ.

ಜುಲೈ 6, ಭಾನುವಾರ

ಬರೆಯುವುದು ಬೇಡ ಅನ್ನಿಸುತ್ತಿದೆ. ಬರೆಯದೆ ಇರಲೂ ಆಗುತ್ತಿಲ್ಲ.

ಮೊದಲ ಸಾಲಿನಲ್ಲಿ ಸಾಹೇಬರು, ಅವರ ಅತಿಥಿಗಳು. ಹಿಂದೆ ನಾವು. ಪುಟ್ಟಿ ನನ್ನ ಮತ್ತು ಅಮ್ಮನ ನಡುವೆ. ಹತ್ತುವ ಕಡೆ ಗಲಾಟೆ, ಕ್ಯಾಮೆರಾ. “ಅಮ್ಮ, ಒಂದು ಮಾತು” ಅಂದೆ. ಅಮ್ಮ ಕಿವಿ ಕೊಟ್ಟಳು. ಸರಳು ಬಂದು ಮಡಿಲ ಮೇಲೆ ಕೂತಿತು, ದೋಣಿ ಹೊರಟಿತು.

ಕತ್ತಲೆ. ಆಮೇಲೆ: ‘ಮನುಷ್ಯರೇ, ಸ್ವಾಗತ.’

ಮುಂದಿನ ಸಾಲಿನವರು ಘೊಳ್ಳೆಂದು ನಕ್ಕರು. ನಗಬೇಕು ಅಂತಲೇ ಬರೆದ ಸಾಲು ಅದು, ಬರೆದವಳು ನಾನು. ಹಿಂದಿನ ದೋಣಿಯಲ್ಲಿ ಯಾರೋ ಮೂಗು ಹಿಡಿದುಕೊಂಡು ಅದೇ ದನಿ ಅಣಕಿಸಿದರು. ಇನ್ನೂ ನಗು.

ಪುಟ್ಟಿ ಎದ್ದು ನಿಲ್ಲಲು ಹೋದಳು. “ಅಜ್ಜಿ, ನೀನೇ! ಅದು ನೀನೇ ಅಜ್ಜಿ!” ಅವಳಿಗೆ ಎಷ್ಟು ಹೆಮ್ಮೆ ಅಂದರೆ, ಮುಂದಿನವರ ಬೆನ್ನು ತಟ್ಟಿ ತಟ್ಟಿ ಹೇಳಿದಳು. ಒಬ್ಬೊಬ್ಬರಾಗಿ ತಿರುಗಿದರು. ನಗು ಅರ್ಧಕ್ಕೆ ನಿಂತ ಮುಖಗಳು, ಹಸಿರು ಬೆಳಕಿನಲ್ಲಿ. ಗೊಂಬೆಗಳಿಗೆ ಗೊತ್ತಾಗುತ್ತದೆಯೇ — ಅವು ಹೇಳುತ್ತಲೇ ಇದ್ದವು. ಇನ್ನೂ ಆರು ನಿಮಿಷ. ನನ್ನ ರೈಡಿನಲ್ಲಿ ಮಧ್ಯೆ ಇಳಿಯಲು ಜಾಗವಿಲ್ಲ.

ಅಮ್ಮ ನನ್ನ ಕಡೆ ನೋಡಲಿಲ್ಲ. ಪುಟ್ಟಿಯ ಭುಜ ಹಿಡಿದು ಕೂರಿಸಿದಳು, ಅವಳ ಕೈ ದೋಣಿಯೊಳಗೆ ಎಳೆದುಕೊಂಡಳು. ಕೊನೆಯ ತಿರುವಿನಲ್ಲಿ ಸ್ವಲ್ಪ ಮುಂದಕ್ಕೆ ಬಾಗಿದಳು. ಅವಳ ಸಾಲು ಬರಬೇಕಾದ ಜಾಗ. ಬರೀ ಮ್ಯೂಸಿಕ್ ಬಂತು.

ಇಳಿಯುವ ಕಡೆ ಮೇಷ್ಟ್ರು ಕೈ ಕೊಟ್ಟರು. “ಅಕ್ಕ, ನಿಧಾನ.”

ಮನೆಗೆ ಬಂದು ಸ್ಲೇಟಿನಲ್ಲಿ ಬರೆದಳು: ‘ಪುಟ್ಟೀನ ಬೈಬೇಡ.’

ಜುಲೈ 9

ದುಂಬಿ ಡ್ರಾಯರಿನಲ್ಲಿದೆ. ಈಗ ಮನೆಯಲ್ಲೂ ಸ್ಲೇಟು. ಚಾರ್ಜಿಗೂ ಹಾಕಿಲ್ಲ.

ಪುಟ್ಟಿ ಕೇಳಿದಳು, “ಅಜ್ಜಿ ಯಾಕೆ ಮಾತಾಡ್ತಿಲ್ಲ? ಅಲ್ಲಿ ಎಲ್ಲಾ ಮಾತು ಖರ್ಚಾಯ್ತಾ?”

ಅವಳಿಗೆ ಜಡೆ ಹಾಕಲು ಕೂತೆ.

ಜುಲೈ 12

ರಜೆ ದಿನ. ರೈಡಿಗೆ ಎರಡು ಗಂಟೆ ಕ್ಯೂ. ರಾತ್ರಿ ಮನೆಗೆ ಬಂದು, ‘ಕಾಡಿನ ದೋಣಿ’ಯ ಹಳೇ ಫೈಲ್ ಅಮ್ಮನ ಫೋನಿಗೆ ಹಾಕಿಕೊಟ್ಟೆ. ಕೇಳಿದಳು, ಪೂರ್ತಿ. ಫೋನ್ ವಾಪಸ್ ನನ್ನ ಕೈಗೆ ಕೊಟ್ಟಳು. ‘ಇದು ನನ್ನ ಹತ್ರ ಇತ್ತಲ್ಲ, ತಲೇಲಿ’ ಅಂತ ಬರೆದಳು. ಕ್ಷಮಿಸಮ್ಮ ಅಂದೆ. ಅಷ್ಟು ಹೊತ್ತಿಗೆ ಅವಳು ಸ್ಲೇಟು ಒರೆಸುತ್ತಿದ್ದಳು.

ಜುಲೈ 15, ಮಂಗಳವಾರ

ನಿನ್ನೆ ಕಾಲುವೆಯ ಪಂಪ್ ಕೆಟ್ಟು ದೋಣಿಗಳು ಕತ್ತಲಲ್ಲಿ ನಿಂತವು. ಇಪ್ಪತ್ತು ನಿಮಿಷ. ಮಕ್ಕಳು ಅತ್ತು ಕರೆದು ರಂಪ. ಇವತ್ತು ಸಾಹೇಬರ ಮೆಸೇಜ್: ದೋಣಿ ನಿಂತಾಗ ಧೈರ್ಯ ಹೇಳುವ ಹನ್ನೆರಡು ಸಾಲು ಬೇಕು, ಗುರುವಾರದೊಳಗೆ. ‘ಅದೇ ವಾಯ್ಸ್. ಬೇರೆ ಬಂದರೆ ಜನ ಗಾಬರಿ ಆಗ್ತಾರೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.’

ಆಗೋದಿಲ್ಲ ಅಂತ ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಕಳಿಸಲಿಲ್ಲ.

ಜುಲೈ 16. ಸಂಜೆ 5.30

ಹನ್ನೆರಡು ಸಾಲು ಬರೆದ ಕಾಗದ ಅಮ್ಮನಿಗೆ ಕಾಣಬಾರದೆಂದು ಬ್ಯಾಗಿನಲ್ಲೇ ಇಟ್ಟಿದ್ದೆ. ಪುಟ್ಟಿ ಪೆನ್ಸಿಲ್ ಹುಡುಕಿ ಎಲ್ಲ ಹೊರಗೆ ಸುರಿದಳು.

ಅಮ್ಮ ಎತ್ತಿಕೊಂಡು ಓದಿದಳು. ಹನ್ನೆರಡೂ. ಮಕ್ಕಳು ಅತ್ತರಾ ಅಂತ ಸನ್ನೆಯಲ್ಲಿ ಕೇಳಿದಳು. ಹೂಂ ಅಂದೆ. ಬೇಡಮ್ಮ, ನಾನು ಬೇರೆ ಏನಾದರೂ ಮಾಡ್ತೀನಿ ಅಂದೆ. ಬೇರೆ ಏನು ಅಂತ ಅವಳು ಕೇಳಲಿಲ್ಲ. ಬೇರೇನೂ ಇಲ್ಲ ಅಂತ ಇಬ್ಬರಿಗೂ ಗೊತ್ತು.

ಡ್ರಾಯರ್ ಎಳೆದಳು. ದುಂಬಿಯನ್ನು ಚಾರ್ಜಿಗೆ ಹಾಕಿದಳು. ಅರ್ಧ ಗಂಟೆ ಇಬ್ಬರೂ ಕೆಂಪು ದೀಪ ಹಸಿರಾಗುವುದನ್ನೇ ನೋಡುತ್ತ ಕೂತೆವು.

ಈಗ ಸ್ಕಾರ್ಫ್ ಬಿಚ್ಚಿದ್ದಾಳೆ. ಹನ್ನೊಂದು ದಿನದ ಮೇಲೆ ಮೊದಲ ಮಾತು: “ಬರ್ಕೊಂಡು ಕೂತಿದೀಯಲ್ಲ. ಫೋನ್ ತೆಗಿ.”

ಒಂದನೇ ಸಾಲು. ‘ದೋಣಿ ನಿಂತಿದೆ. ಯಾರೂ ಏಳಬೇಡಿ. ನಾನು ಇಲ್ಲೇ ಇದ್ದೀನಿ.’